ಹಲ್ವಾದ ಲೆಕ್ಕ: ಶಬೇ ಬರಾತ್ ಸಿಹಿಯಲ್ಲಿ ನಾವು ಬರೆಯದ ಖರ್ಚು

ಅಕ್ಟೋಬರ್ 31 ಬಂತೆಂದರೆ ಮೊಬೈಲ್ ತುಂಬ ಕುಂಬಳಕಾಯಿ ಮುಖಗಳು ಬರುತ್ತವೆ. ಅದು ಹ್ಯಾಲೋವೀನ್. ಮುಖವಾಡ, ಚಾಕಲೇಟ್ ಇತ್ತೀಚಿನವು. ಹಿಂದೆ ಇಂಗ್ಲೆಂಡಿನಲ್ಲಿ ಈ ದಿನಗಳಲ್ಲಿ, ಮುಖ್ಯವಾಗಿ ನವೆಂಬರ್ 2ರ ಸುಮಾರಿಗೆ, ಮನೆಯಲ್ಲೇ 'ಸೋಲ್ ಕೇಕ್' ಎಂಬ ಸಣ್ಣ ಸಿಹಿ ಬಿಲ್ಲೆಗಳನ್ನು ಸುಡುತ್ತಿದ್ದರು. ಬಡವರು, ಮಕ್ಕಳು ಮನೆಮನೆಗೆ ಬಂದು ಅವನ್ನು ಪಡೆದು, ಆ ಮನೆಯ ತೀರಿಹೋದವರಿಗಾಗಿ ಪ್ರಾರ್ಥಿಸುತ್ತಿದ್ದರು.

ಅಗಲಿದವರ ನೆನಪು, ಮನೆಯಲ್ಲಿ ಮಾಡಿದ ಸಿಹಿ, ಬಾಗಿಲಿಂದ ಬಾಗಿಲಿಗೆ ಹಂಚಿಕೆ. ಈ ಮೂರೂ ನಮ್ಮ ಬೆಟಗೇರಿಯ ಓಣಿಗಳಿಗೆ ಗೊತ್ತು. ಶಾಬಾನ್ ತಿಂಗಳ 15ನೇ ರಾತ್ರಿ, ಶಬೇ ಬರಾತ್‌ಗೆ ಅನೇಕ ಮನೆಗಳಲ್ಲಿ ಹಲ್ವಾ ಮಾಡುತ್ತಾರೆ. ಅದು ಧರ್ಮದ ಕಡ್ಡಾಯವಲ್ಲ, ವಾಡಿಕೆ. ಮಾಡದ ಮನೆಗಳೂ ಇವೆ. ಮಾಡುವ ಮನೆಗಳಲ್ಲಿ ಅದಕ್ಕೆ ಎಷ್ಟು ಖರ್ಚಾಗುತ್ತದೆ? ಕಾಮರ್ಸ್ ವಿದ್ಯಾರ್ಥಿಗಳಾದ ನಾವು ಈ ಪ್ರಶ್ನೆಯನ್ನು ಪಾಠದಂತೆ ಬಿಡಿಸಿ ನೋಡೋಣ.

ಮೊದಲು ಹಲ್ವಾ

ಶಬೇ ಬರಾತ್‌ನ ಹಳೆಯ ಸಿಹಿ ಎಂದರೆ ಕಡಲೆಬೇಳೆ ಹಲ್ವಾ. ನಮ್ಮ ಮನೆಯ ಮಾತಿನಲ್ಲಿ 'ಚನೇ ಕೀ ದಾಲ್ ಕಾ ಹಲ್ವಾ'. ಬೇಳೆಯನ್ನು ನಾಲ್ಕೈದು ತಾಸು ನೆನೆಸಿ, ಹಾಲಿನಲ್ಲಿ ಮೆತ್ತಗೆ ಬೇಯಿಸಿ, ಹಾಲು ಇಂಗಿದ ಮೇಲೆ ನುಣ್ಣಗೆ ರುಬ್ಬಬೇಕು. ದಪ್ಪ ತಳದ ಬೋಗುಣಿಯಲ್ಲಿ ತುಪ್ಪ ಕಾಯಿಸಿ, ರುಬ್ಬಿದ್ದನ್ನು ಹಾಕಿ, ಸಣ್ಣ ಉರಿಯಲ್ಲಿ ಬಣ್ಣ ತಿರುಗುವವರೆಗೆ ಹುರಿಯಬೇಕು. ನಂತರ ಸಕ್ಕರೆ. ಸಕ್ಕರೆ ಕರಗಿ ಮತ್ತೆ ತೆಳ್ಳಗಾಗುತ್ತದೆ. ಆಗ ಕೈ ನಿಲ್ಲಿಸಿದರೆ ತಳ ಹತ್ತುತ್ತದೆ. ಹಲ್ವಾ ಬೋಗುಣಿಯ ಅಂಚು ಬಿಟ್ಟು ಮುದ್ದೆಯಾದಾಗ ಏಲಕ್ಕಿ ಹಾಕಿ, ತುಪ್ಪ ಸವರಿದ ತಾಟಿಗೆ ಸುರಿದು, ಮೇಲೆ ಗೋಡಂಬಿ, ಬಾದಾಮಿ ಒತ್ತಿ, ಶಂಕರಪೋಳಿ ಆಕಾರದಲ್ಲಿ ಕೊಯ್ಯುತ್ತಾರೆ.

ಹೋಳಿಗೆ ಮಾಡುವ ಮನೆಯವರಿಗೆ ಇದು ಪರಿಚಿತವೆನಿಸಬಹುದು. ಬೇಯಿಸಿ ರುಬ್ಬಿದ ಕಡಲೆಬೇಳೆಗೆ ಬೆಲ್ಲ ಸೇರಿದರೆ ಹೂರಣ; ತುಪ್ಪದಲ್ಲಿ ಹುರಿದು ಸಕ್ಕರೆ ಸೇರಿಸಿದರೆ ಹಲ್ವಾ. ಹಾಗೆಯೇ ಚಪಾತಿ ಪುಡಿ ಮಾಡಿ ಬೆಲ್ಲ, ತುಪ್ಪ ಕಲಸಿದ ನಮ್ಮ ಮಲೀದಾವನ್ನು ತಿಂದವರಿಗೆ ಪಕ್ಕದ ಮನೆಯ ಮಾದಲಿ ಹೊಸದಲ್ಲ.

ಈಗ ಖರ್ಚಿನ ಪಟ್ಟಿ

1 ಕೆ.ಜಿ. ಬೇಳೆಯ ಹಲ್ವಾ ಹಿಡಿಯೋಣ. ಲೆಕ್ಕಕ್ಕೆ ಅನುಕೂಲವಾಗಲೆಂದು ದರಗಳನ್ನು ಸರಿಸುಮಾರು ಹಾಕಿದ್ದೇನೆ. ನಿಮ್ಮ ಅಂಗಡಿಯ ದರ ಹಾಕಿ ತಿದ್ದಿಕೊಳ್ಳಿ.

ಕಡಲೆಬೇಳೆ 1 ಕೆ.ಜಿ.: ₹100
ಸಕ್ಕರೆ 1 ಕೆ.ಜಿ.: ₹50
ತುಪ್ಪ ಅರ್ಧ ಕೆ.ಜಿ.: ₹300
ಹಾಲು 2 ಲೀಟರ್: ₹100
ಏಲಕ್ಕಿ, ಗೋಡಂಬಿ, ಬಾದಾಮಿ: ₹100
ಗ್ಯಾಸ್: ₹30
ಒಟ್ಟು: ₹680

ಸುಮಾರು 3 ಕೆ.ಜಿ. ಹಲ್ವಾ ಆಗುತ್ತದೆ ಎಂದುಕೊಳ್ಳಿ. 50 ಗ್ರಾಂನಂತೆ 60 ತುಂಡು. ಒಂದು ತುಂಡಿಗೆ ₹11.33. ಮನೆಯಲ್ಲಿ ಯಾರನ್ನು ಕೇಳಿದರೂ ಹಲ್ವಾದ ಖರ್ಚು ಎಂದು ಇದನ್ನೇ ಹೇಳುತ್ತಾರೆ.

ಆದರೆ ನಮ್ಮ ಲೆಕ್ಕಶಾಸ್ತ್ರ ಏನು ಹೇಳುತ್ತದೆ? ಮೂಲ ವೆಚ್ಚದಲ್ಲಿ ನೇರ ಸಾಮಗ್ರಿಯ ಜೊತೆಗೆ ನೇರ ಕೂಲಿಯೂ ಇರಬೇಕು. ಮೇಲಿನ ಪಟ್ಟಿಯಲ್ಲಿ ಕೂಲಿಯ ಸಾಲೇ ಇಲ್ಲ. ಅದನ್ನು ಬರೆಯೋಣ:

ಬೇಳೆ ಆರಿಸಿ ತೊಳೆಯುವುದು: ಅರ್ಧ ತಾಸು
ಬೇಯಿಸುವುದು, ಉಕ್ಕದಂತೆ ನೋಡುವುದು: 1 ತಾಸು
ರುಬ್ಬುವುದು: ಅರ್ಧ ತಾಸು
ಒಲೆಯ ಮುಂದೆ ಕೈಯಾಡಿಸುವುದು: ಒಂದೂವರೆ ತಾಸು
ಕೊಯ್ಯುವುದು, ತಾಟು ಜೋಡಿಸುವುದು, ಬೋಗುಣಿ ತಿಕ್ಕುವುದು: 1 ತಾಸು
ಒಟ್ಟು: ನಾಲ್ಕೂವರೆ ತಾಸು

ತಾಸಿಗೆ ₹60 ಎಂದು ಹಿಡಿದರೂ ₹270. ಈಗ ನಿಜವಾದ ವೆಚ್ಚ ₹950. ಒಂದು ತುಂಡಿಗೆ ₹15.83. ಒಟ್ಟು ವೆಚ್ಚದಲ್ಲಿ ನೂರಕ್ಕೆ 28ಕ್ಕೂ ಹೆಚ್ಚು ಪಾಲು ಯಾರ ಪಟ್ಟಿಯಲ್ಲೂ ಇರಲಿಲ್ಲ. ಹೀಗೆ ನಗದು ಕೊಡದಿದ್ದರೂ ನಿರ್ಧಾರ ಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕಾದ ವೆಚ್ಚವನ್ನು ಕಾಲ್ಪನಿಕ ವೆಚ್ಚ ಎನ್ನುತ್ತಾರೆ. ಹೆಸರು ಕಾಲ್ಪನಿಕ, ಒಲೆಯ ಮುಂದಿನ ಬೆವರು ಕಾಲ್ಪನಿಕವಲ್ಲ.

ಪುಸ್ತಕ ಏಕೆ ಬಿಡುತ್ತದೆ?

ಹಣ ಮಾಪನ ಪರಿಕಲ್ಪನೆಯನ್ನು ನಾವು ಓದಿದ್ದೇವೆ. ಹಣದಲ್ಲಿ ಅಳೆಯಬಹುದಾದ ವ್ಯವಹಾರಗಳನ್ನು ಮಾತ್ರ ಪುಸ್ತಕದಲ್ಲಿ ದಾಖಲಿಸುತ್ತೇವೆ. ಅರ್ಥಶಾಸ್ತ್ರದ ಪಾಠದಲ್ಲಿಯೂ ಇದೇ ಮಾತು ಬರುತ್ತದೆ: ಮನೆಯಲ್ಲಿ ಮಹಿಳೆಯರು ಸಂಬಳವಿಲ್ಲದೆ ಮಾಡುವ ಕೆಲಸ ಜಿಡಿಪಿಯಲ್ಲಿ ಸೇರುವುದಿಲ್ಲ. ಅಮ್ಮಿ ತಂದ ಬೇಳೆ, ತುಪ್ಪ ದೇಶದ ಲೆಕ್ಕಕ್ಕೆ ಸೇರುತ್ತವೆ. ಅವುಗಳನ್ನು ಹಲ್ವಾ ಮಾಡಿದ ಅಮ್ಮಿಯ ಕೈ ಸೇರುವುದಿಲ್ಲ. ಅದೇ ಹಲ್ವಾವನ್ನು ಅಂಗಡಿಯವರು ಕೂಲಿಯಾಳಿಟ್ಟು ಮಾಡಿ ಮಾರಿದರೆ ಆ ಕೂಲಿಯೂ ಸೇರುತ್ತದೆ.

ಇದು ಸಣ್ಣ ಲೆಕ್ಕವಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಪುರುಷರು 88 ನಿಮಿಷ. ಇದು ಹಬ್ಬವಿಲ್ಲದ ದಿನಗಳನ್ನೂ ಸೇರಿಸಿದ ಸರಾಸರಿ.

'ಸಾಮಾನಿನ ದುಡ್ಡು ತಗೊಳ್ರಿ'

ಮನೆಯವರಿಗೆ, ನೆರೆಯವರಿಗೆ ಹಿಸ್ಸಾ ಕಳಿಸುವಾಗ ಯಾರೂ ಬಿಲ್ಲು ಕಳಿಸುವುದಿಲ್ಲ, ಕಳಿಸಬಾರದು ಕೂಡ. ಅದು ಪ್ರೀತಿ. ತೊಂದರೆ ಇರುವುದು ಆರ್ಡರ್ ಕೊಡುವಾಗ. "ಬಾಜಿ, ನಿಮ್ಮ ಕೈರುಚಿ ಅಂಗಡ್ಯಾಗ ಸಿಗಂಗಿಲ್ಲ. ಒಂದು ಕೆ.ಜಿ. ಮಾಡಿಕೊಡ್ರಿ, ಸಾಮಾನಿನ ದುಡ್ಡು ತಗೊಳ್ರಿ." ಈ ಮಾತನ್ನು ನೀವೂ ಕೇಳಿರಬಹುದು. ನಮ್ಮ ಪಟ್ಟಿಯಂತೆ 1 ಕೆ.ಜಿ.ಗೆ ಸಾಮಾನಿನ ದುಡ್ಡು ಸುಮಾರು ₹227. ಹೊಗಳಿಕೆ ಸಿಕ್ಕಿತು, ಕೂಲಿ ಸೊನ್ನೆ.

ಇನ್ನೊಂದು ಅಂಶವಿದೆ. 3 ಕೆ.ಜಿ.ಗೆ ನಾಲ್ಕೂವರೆ ತಾಸಾದರೆ 1 ಕೆ.ಜಿ.ಗೆ ಒಂದೂವರೆ ತಾಸು ಸಾಲುವುದಿಲ್ಲ. ಬೇಳೆ ಕಡಿಮೆಯಾದರೂ ಒಲೆಯ ಮುಂದೆ ನಿಲ್ಲಲೇಬೇಕು, ಬೋಗುಣಿ ತಿಕ್ಕಲೇಬೇಕು. 3 ತಾಸು ಹಿಡಿದರೆ ಕೂಲಿ ₹180. ಆಗ ಆ 1 ಕೆ.ಜಿ.ಯ ವೆಚ್ಚ ₹407. ಲಾಭವನ್ನು ಇನ್ನೂ ಸೇರಿಸಿಲ್ಲ.

ಅಡುಗೆಮನೆಯ ದುಡಿಮೆಗೆ ಬೆಲೆ ಕಟ್ಟಿದವರು ಇದ್ದಾರೆ. 1959ರ ಮಾರ್ಚ್ 15ರಂದು ಮುಂಬಯಿಯಲ್ಲಿ 7 ಮಹಿಳೆಯರು ₹80 ಸಾಲ ತಂದು ಹಪ್ಪಳ ಮಾಡಲು ಕುಳಿತರು. ಅದೇ ಇಂದಿನ ಲಿಜ್ಜತ್ ಪಾಪಡ್. ಅಲ್ಲಿ ಹಪ್ಪಳ ಲಟ್ಟಿಸುವವರಿಗೆ ಕೂಲಿಯೂ ಉಂಟು, ಒಡೆತನದ ಪಾಲೂ ಉಂಟು. ಕೂಡಿ ದುಡಿಯುವ ಈ ದಾರಿ ನಮ್ಮ ಜಿಲ್ಲೆಗೆ ಹೊಸದಲ್ಲ. ದೇಶದ ಮೊದಮೊದಲ ಕೃಷಿ ಸಹಕಾರ ಸಂಘಗಳಲ್ಲಿ ಒಂದು ಹುಟ್ಟಿದ್ದು 1905ರಲ್ಲಿ, ಗದಗ ತಾಲೂಕಿನ ಕಣಗಿನಹಾಳದಲ್ಲಿ.

ಈ ಪಾಠದಿಂದ ತಿಳಿಯುವುದೇನು?

ಮನೆಯ ಸಿಹಿ ಬಿಟ್ಟು ಅಂಗಡಿಯದು ತನ್ನಿ ಎಂದು ನಾನು ಹೇಳುತ್ತಿಲ್ಲ. ಅಮ್ಮಿಗೆ ಸಂಬಳ ಕೊಡಿ ಎಂದೂ ಅಲ್ಲ. ಲೆಕ್ಕಕ್ಕೆ ಬಾರದ ಕೆಲಸ ಕಣ್ಣಿಗೂ ಬೀಳುವುದಿಲ್ಲ. ಕಣ್ಣಿಗೆ ಬೀಳದ ಕೆಲಸವನ್ನು ಯಾರೂ ಹಂಚಿಕೊಳ್ಳುವುದಿಲ್ಲ. ನಾಲ್ಕೂವರೆ ತಾಸು ಎಂದು ಬರೆದಿಟ್ಟರೆ, ಅದರಲ್ಲಿ ಒಂದೂವರೆ ತಾಸು ಸೌಟು ಹಿಡಿಯಲು ಮನೆಯ ಹುಡುಗರಿಗೂ ಕೈ ಇದೆ ಎಂಬುದು ತಿಳಿಯುತ್ತದೆ. ಹಣಕ್ಕೆ ಮಾಡಿಕೊಡುವಾಗ ಕೂಲಿ ಕೇಳಲು ಅಮ್ಮಿಗೂ ಸಂಕೋಚ ಕಡಿಮೆಯಾಗುತ್ತದೆ.

ಅಭ್ಯಾಸ

1. ನಿಮ್ಮ ಮನೆಯ ಒಂದು ಹಬ್ಬದ ಸಿಹಿ ಆರಿಸಿ: ಹಲ್ವಾ, ಶೀರ್ ಖುರ್ಮಾ, ಹೋಳಿಗೆ, ಕರಜಿಕಾಯಿ, ಯಾವುದಾದರೂ ಸರಿ. ಸಾಮಗ್ರಿ, ಇಂಧನ, ಕೂಲಿ ಎಂದು ಮೂರು ಸಾಲುಗಳ ವೆಚ್ಚಪಟ್ಟಿ ಮಾಡಿ.
2. ಒಟ್ಟು ವೆಚ್ಚ ₹950ರ ಮೇಲೆ ಶೇ. 20 ಲಾಭ ಸೇರಿಸಿದರೆ 60 ತುಂಡುಗಳಲ್ಲಿ ಒಂದರ ಮಾರಾಟ ಬೆಲೆ ಎಷ್ಟು? (ಉತ್ತರ: ₹19)
3. ನಿಮ್ಮ ಪಟ್ಟಿಯ ಕೂಲಿಯ ತಾಸುಗಳ ಎದುರು, ಯಾರು ಎಷ್ಟು ತಾಸು ದುಡಿದರು ಎಂದು ಹೆಸರು ಬರೆಯಿರಿ. ನಿಮ್ಮ ಹೆಸರಿನ ಎದುರು ಎಷ್ಟು ತಾಸು ಬಂತು?