ಒಂದೇ ಕರೆಗೆ ಕೂಡುವ ತಜ್ಞರು

ಕಾಲುವೆಯಲ್ಲಿ ಹೂಳು ತುಂಬಿದರೆ ಮಲಪ್ರಭೆಯ ನೀರು ನವಲಗುಂದದ ಹೊಲಗಳನ್ನು ಮುಟ್ಟದು. ದೇಹದಲ್ಲಿಯೂ ಹೀಗೆಯೇ. ಮೂಳೆ ಮುರಿದು ಬಹುದಿನ ಹಾಸಿಗೆ ಹಿಡಿದವರ ಕಾಲಿನ ಅಭಿಧಮನಿಗಳಲ್ಲಿ ರಕ್ತದ ಓಟ ಕುಗ್ಗಿ, ಅದು ಹೆಪ್ಪುಗಟ್ಟಬಹುದು. ಆ ಹೆಪ್ಪು ಕಳಚಿ, ಹೃದಯದ ಮೂಲಕ ಸಾಗಿ ಶ್ವಾಸಕೋಶದ ಅಪಧಮನಿಯಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ವೈದ್ಯರು ಇದನ್ನು ಪಲ್ಮನರಿ ಎಂಬಾಲಿಸಂ ಎನ್ನುವರು. ಹಠಾತ್ತನೆ ಏರುವ ಉಸಿರು, ಎದೆನೋವು, ಮೂರ್ಛೆ ಇದರ ಲಕ್ಷಣಗಳು.

ಇದಕ್ಕೆ ಚಿಕಿತ್ಸೆಗಳು ಹಲವು. ಹೆಪ್ಪು ಬೆಳೆಯದಂತೆ ಹೆಪಾರಿನ್ ತಡೆಯುತ್ತದೆ. ಹೆಪ್ಪನ್ನು ಕರಗಿಸುವ ಔಷಧವೂ ಉಂಟು. ಆದರೆ ಅದರಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಭಯವಿದೆ. ತೆಳುವಾದ ನಳಿಕೆಯಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಹೆಪ್ಪನ್ನು ತೆಗೆಯಲೂ ಬಹುದು. ಯಾರಿಗೆ ಯಾವುದು ತಕ್ಕುದು? ತಜ್ಞರನ್ನು ಒಬ್ಬೊಬ್ಬರಾಗಿ ಕೇಳುತ್ತ ಹೋದರೆ ಹೊತ್ತು ಮೀರುತ್ತದೆ. ಆದುದರಿಂದ 2012ರಲ್ಲಿ ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯು ಇದಕ್ಕೆಂದೇ ತಂಡವೊಂದನ್ನು ರಚಿಸಿತು. ಒಂದೇ ಕರೆಗೆ ಹೃದಯ, ಶ್ವಾಸಕೋಶ, ತುರ್ತುಚಿಕಿತ್ಸೆ, ಶಸ್ತ್ರಚಿಕಿತ್ಸೆಗಳ ತಜ್ಞರು ಒಟ್ಟಾಗಿ ಆಲೋಚಿಸಿ ನಿರ್ಣಯಿಸುವರು. ಈ ಪದ್ಧತಿಯು ಅನಂತರ ಹಲವು ದೇಶಗಳಿಗೆ ಹಬ್ಬಿತು.

ತಜ್ಞರೆಷ್ಟೇ ಬೇಗ ಕೂಡಿದರೂ ರೋಗಿಯು ಸಕಾಲದಲ್ಲಿ ಆಸ್ಪತ್ರೆ ಸೇರಬೇಕು. ನವಲಗುಂದದಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗಳಿಗೆ ಸುಮಾರು ಒಂದು ಗಂಟೆಯ ದಾರಿ. ಲಕ್ಷಣ ಕಂಡೊಡನೆ 108ಕ್ಕೆ ಕರೆ ಮಾಡುವ ಮನೆಯವರೇ ಆ ತಂಡದ ಮೊದಲಿಗರು.