ಸೂರ್ಯನ ಕಾಂತ ಬಿರುಗಾಳಿ ಮತ್ತು ಬೇಸಾಯ

ಸೂರ್ಯನಿಲ್ಲದೆ ಬೆಳೆಯಿಲ್ಲ ಎಂಬುದು ಪ್ರತಿಯೊಬ್ಬ ರೈತರಿಗೂ ಗೊತ್ತು. ಆದರೆ ಸೂರ್ಯನಿಂದ ಬರುವುದು ಬೆಳಕು ಮತ್ತು ಶಾಖ ಮಾತ್ರವಲ್ಲ. ವಿದ್ಯುದಾವೇಶವುಳ್ಳ ಸೂಕ್ಷ್ಮ ಕಣಗಳೂ ಸದಾ ಹೊರಹೊಮ್ಮುತ್ತಿರುತ್ತವೆ. ಇದಕ್ಕೆ ಸೌರ ಮಾರುತವೆಂದು ಹೆಸರು. 2024ರ ಮೇ 10 ಮತ್ತು 11ರಂದು ಇದು ಬಿರುಗಾಳಿಯ ರೂಪ ತಾಳಿದಾಗ, ಅಮೆರಿಕದಲ್ಲಿ ಮೆಕ್ಕೆಜೋಳ ಬಿತ್ತುತ್ತಿದ್ದ ಅನೇಕ ರೈತರು ಟ್ರ್ಯಾಕ್ಟರ್ ನಿಲ್ಲಿಸಬೇಕಾಯಿತು. ಇದರ ಕಾರಣವನ್ನು ತಿಳಿಯೋಣ.

ಬಿರುಗಾಳಿ ಹುಟ್ಟುವ ಬಗೆ

ಸೂರ್ಯನ ಮೇಲ್ಮೈಯಲ್ಲಿ ಕಪ್ಪು ಕಲೆಗಳು ಕಾಣಿಸಿಕೊಳ್ಳುತ್ತವೆ. ಅಲ್ಲಿ ಕಾಂತಶಕ್ತಿ ಅತಿ ಪ್ರಬಲ. ಸುಮಾರು 11 ವರ್ಷಗಳ ಅವಧಿಯಲ್ಲಿ ಈ ಕಲೆಗಳ ಸಂಖ್ಯೆ ಹೆಚ್ಚಿ ಮತ್ತೆ ಇಳಿಯುತ್ತದೆ. ಕಲೆಗಳ ಬಳಿ ಹೆಣೆದುಕೊಂಡ ಕಾಂತರೇಖೆಗಳು ಹಠಾತ್ತನೆ ಕಳಚಿಕೊಂಡಾಗ ನೂರಾರು ಕೋಟಿ ಟನ್ ತೂಕದ ಕಣರಾಶಿ ಸಿಡಿಯಬಹುದು. ಸೂರ್ಯನ ಬೆಳಕು ಸುಮಾರು 8 ನಿಮಿಷಗಳಲ್ಲಿ ನಮ್ಮನ್ನು ಮುಟ್ಟಿದರೆ, ಈ ರಾಶಿ ಸಾಮಾನ್ಯವಾಗಿ 1ರಿಂದ 3 ದಿನ ತೆಗೆದುಕೊಳ್ಳುತ್ತದೆ.

ಭೂಮಿಯೂ ಒಂದು ದೊಡ್ಡ ಅಯಸ್ಕಾಂತ. ಹೊಲದ ಬದು ಹರಿವ ನೀರನ್ನು ಪಕ್ಕಕ್ಕೆ ತಿರುಗಿಸುವಂತೆ ಅದರ ಕಾಂತಕ್ಷೇತ್ರ ಈ ಕಣಗಳನ್ನು ತಿರುಗಿಸುತ್ತದೆ. ಆದರೆ ಬರುವ ರಾಶಿಯ ಕಾಂತ ದಿಕ್ಕು ಭೂಮಿಯದಕ್ಕೆ ವಿರುದ್ಧವಾಗಿದ್ದರೆ ಬದು ಒಡೆದಂತಾಗಿ ಅಪಾರ ಶಕ್ತಿ ಒಳನುಗ್ಗುತ್ತದೆ. ಇದೇ ಕಾಂತ ಬಿರುಗಾಳಿ. ಆಗ ಕಣಗಳು ಕಾಂತರೇಖೆಗಳ ಜಾಡು ಹಿಡಿದು ಧ್ರುವಗಳತ್ತ ಇಳಿದು, ಗಾಳಿಯ ಅಣುಗಳಿಗೆ ಬಡಿಯುತ್ತವೆ. ಸುಮಾರು 100 ಕಿಲೋಮೀಟರಿಗಿಂತ ಮೇಲೆ ಆಮ್ಲಜನಕವು ಹಸಿರಾಗಿಯೂ, ಇನ್ನೂ ಎತ್ತರದಲ್ಲಿ ಕೆಂಪಾಗಿಯೂ ಬೆಳಗುತ್ತದೆ. ಇದೇ ಧ್ರುವಪ್ರಭೆ. 2024ರ ಆ ರಾತ್ರಿ ಲಡಾಖಿನ ಹಾನ್ಲೆಯಲ್ಲಿಯೂ ಕೆಂಪು ಪ್ರಭೆ ಕಂಡುಬಂದಿತು.

ಆಗುವ ತೊಂದರೆಗಳು

1. ವಿದ್ಯುತ್: ನೆಲದಲ್ಲಿಯೂ ಉದ್ದನೆಯ ತಂತಿಗಳಲ್ಲಿಯೂ ಬೇಡದ ವಿದ್ಯುತ್ ಹರಿಯುತ್ತದೆ. 1989ರ ಮಾರ್ಚ್ 13ರಂದು ಕೆನಡಾದ ಕ್ವೆಬೆಕ್ ಪ್ರಾಂತ್ಯ ಸುಮಾರು 9 ಗಂಟೆ ಕತ್ತಲಲ್ಲಿತ್ತು. ಇಂಥ ಅಪಾಯ ಧ್ರುವಗಳಿಗೆ ಹತ್ತಿರದ ನಾಡುಗಳಲ್ಲಿ ಹೆಚ್ಚು.

2. ಉಪಗ್ರಹ ಸಂಕೇತ: ವಾತಾವರಣದ ಮೇಲ್ಪದರ ಕಲಕುವುದರಿಂದ ಉಪಗ್ರಹದ ಸಂಕೇತ ಏರುಪೇರಾಗಿ, ಯಂತ್ರ ತೋರಿಸುವ ಸ್ಥಳ ತಪ್ಪುತ್ತದೆ. ಕೂರಿಗೆಯ ಸಾಲು ಸೊಟ್ಟಗಾದರೆ ಎಡೆಕುಂಟೆ ಹೊಡೆಯುವಾಗ ಪೈರು ಕಿತ್ತುಬರುವುದನ್ನು ನೀವು ಕಂಡಿದ್ದೀರಿ. ಉಪಗ್ರಹದ ನೆರವಿನಿಂದ ಸಾಲು ಹಿಡಿಯುವ ಟ್ರ್ಯಾಕ್ಟರಿಗೂ ಇದೇ ಗತಿ. ಅದಕ್ಕೆಂದೇ ಅಮೆರಿಕದ ರೈತರು ಬಿತ್ತನೆ ನಿಲ್ಲಿಸಿದ್ದು.

ನಾವು ಮಾಡಬೇಕಾದುದೇನು?

ಕಾಂತ ಬಿರುಗಾಳಿಯಿಂದ ಪೈರು ಸುಡುವುದಿಲ್ಲ; ದನಕರುಗಳಿಗೂ ಕೇಡಿಲ್ಲ. ದಪ್ಪನಾದ ವಾತಾವರಣವೇ ನಮಗೆ ರಕ್ಷೆ. ಯಾರದೋ ಮಾತು ಕೇಳಿ ಹದ ಬಂದ ನೆಲದಲ್ಲಿ ಬಿತ್ತನೆ ಮುಂದೂಡಬೇಡಿರಿ. ಕಳೆದ ಹದ ಮರಳಿ ಬಾರದು. ಎತ್ತಿನ ಕೂರಿಗೆಗಾಗಲಿ, ಕೈಯಿಂದ ನಡೆಸುವ ಟ್ರ್ಯಾಕ್ಟರಿಗಾಗಲಿ ಇದರ ಬಾಧೆಯಿಲ್ಲ.

ಆದರೆ ಡ್ರೋನಿನಿಂದ ಔಷಧಿ ಸಿಂಪಡಿಸುವುದು, ಉಪಗ್ರಹ ಉಪಕರಣದಿಂದ ಜಮೀನಿನ ಎಲ್ಲೆ ಅಳೆಯುವುದು, ಇವನ್ನು ತೀವ್ರ ಬಿರುಗಾಳಿಯ ಮುನ್ಸೂಚನೆ ಇದ್ದಾಗ ಒಂದೆರಡು ದಿನ ಮುಂದಕ್ಕೆ ಹಾಕುವುದು ಒಳಿತು. ಔಷಧಿ ಪಕ್ಕದವರ ಹೊಲಕ್ಕೆ ಬಿದ್ದರೆ, ಎಲ್ಲೆಯ ಕಲ್ಲು ತಪ್ಪು ಜಾಗದಲ್ಲಿ ನಿಂತರೆ, ಬರುವ ವ್ಯಾಜ್ಯ ಬಿರುಗಾಳಿಗಿಂತ ದೀರ್ಘಕಾಲ ಉಳಿಯುತ್ತದೆ.

2023ರ ಸೆಪ್ಟೆಂಬರ್ 2ರಂದು ಹಾರಿಸಿದ ಭಾರತದ ಆದಿತ್ಯ-ಎಲ್1 ನೌಕೆಯು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ನೆಲೆಗೆ 2024ರ ಜನವರಿಯಲ್ಲಿ ತಲುಪಿತು. ಸೂರ್ಯನ ಇಂತಹ ಸ್ಫೋಟಗಳನ್ನು ಅರಿಯುವುದೇ ಅದರ ಮುಖ್ಯ ಕೆಲಸಗಳಲ್ಲೊಂದು. ಮಳೆಯ ಮುನ್ಸೂಚನೆಯಂತೆ ಸೂರ್ಯನ ಮುನ್ಸೂಚನೆಯನ್ನೂ ಗಮನಿಸುವ ರೂಢಿ ಹೊಸ ಯಂತ್ರ ಬಳಸುವ ರೈತರಿಗೆ ಉಪಯುಕ್ತ.