ಪಡಸಾಲೆಯನ್ನು ಸರ್ವಕಾಲಕ್ಕೂ ಉಪಯುಕ್ತವಾಗುವಂತೆ ಮುಚ್ಚುವ ಕ್ರಮ

ಬೀದರ ನಗರ, ಭಾಲ್ಕಿ ಮತ್ತು ಔರಾದ ಸೀಮೆಗಳ ಒಕ್ಕಲುಮನೆಗಳಲ್ಲಿ ಪಡಸಾಲೆಯಷ್ಟು ಕೆಲಸಕ್ಕೆ ಒದಗುವ ಭಾಗವು ಮತ್ತೊಂದಿಲ್ಲ. ಬಿತ್ತನೆಯ ಬೀಜವನ್ನು ಹಸನುಮಾಡುವುದು, ತೊಗರಿ, ಉದ್ದು, ಹೆಸರುಗಳನ್ನು ಕೇರುವುದು, ಬಂದವರನ್ನು ಕುಳ್ಳಿರಿಸುವುದು, ಆಳುಗಳ ಲೆಕ್ಕ ತೀರಿಸುವುದು, ಮಕ್ಕಳು ಓದುವುದು, ಮುದುಕರು ಮಲಗುವುದು, ಇವೆಲ್ಲವೂ ಅಲ್ಲಿಯೇ ನಡೆಯುವುವು. ಆದರೂ ಅದರ ಒಂದು ಪಕ್ಕವು ಅಂಗಳಕ್ಕೆ ತೆರೆದಿರುವುದರಿಂದ ವರ್ಷದಲ್ಲಿ ಬಹುಕಾಲ ಅದರ ಪೂರ್ಣ ಪ್ರಯೋಜನವು ದೊರೆಯುವುದಿಲ್ಲ. ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 34 ಅಂಗುಲ ಮಳೆಯಾಗುವುದು. ಅದರ ಬಹುಭಾಗವು ಜೂನಿನಿಂದ ಸೆಪ್ಟೆಂಬರವರೆಗೆ ಬೀಳುವುದು. ಆಗ ಗಾಳಿಯೊಡನೆ ಬರುವ ಎರಚಲು ಪಡಸಾಲೆಯ ನೆಲವನ್ನೆಲ್ಲ ನೆನೆಸುವುದು. ಮಾರ್ಗಶಿರ ಪುಷ್ಯಗಳಲ್ಲಿ ಮೂಡಣ ಗಾಳಿಯ ಚಳಿಗೆ ಅಲ್ಲಿ ಮಲಗಲಾಗದು. ಚೈತ್ರ ವೈಶಾಖಗಳಲ್ಲಿ ಬಿಸಿಲಿನ ಝಳಕ್ಕೆ ಮಧ್ಯಾಹ್ನ ಕುಳಿತುಕೊಳ್ಳಲಾಗದು.

ಈ ಅನಾನುಕೂಲವನ್ನು ನೀಗಲು ಈಚೆಗೆ ಅನೇಕರು ಪಡಸಾಲೆಗೆ ಗೋಡೆ ಹಾಕುತ್ತಿರುವರು. ಕೆಲವರು ಅಂಗಳಕ್ಕೇ ತಗಡು ಹೊದಿಸುತ್ತಿರುವರು. ಉದ್ದೇಶವು ಒಳ್ಳೆಯದೇ. ಆದರೆ ಕ್ರಮ ತಿಳಿಯದೆ ಮಾಡಿದ ಕೆಲಸದಿಂದ ಮನೆಯು ಕತ್ತಲೆಯಾಗುವುದು, ಬೇಸಗೆಯಲ್ಲಿ ಒಲೆಯಂತಾಗುವುದು. ಎಲ್ಲಕ್ಕಿಂತ ಮಿಗಿಲಾಗಿ, ಒಳಗೆ ಮಲಗುವವರ ಪ್ರಾಣಕ್ಕೇ ಅಪಾಯ ಒದಗಬಹುದು. ಆದಕಾರಣ ಈ ಕೆಲಸದಲ್ಲಿ ಗಮನಿಸತಕ್ಕ ಸಂಗತಿಗಳನ್ನು ಇಲ್ಲಿ ಕ್ರಮವಾಗಿ ವಿವರಿಸಿದೆ.

1. ಅಂಗಳವನ್ನು ಪೂರ್ತಿ ಮುಚ್ಚಬಾರದು

ಹಳೆಯ ವಾಡೆಗಳ ಹೊರಗೋಡೆಗಳಿಗೆ ಕಳ್ಳರ ಭಯದಿಂದ ಕಿಟಕಿಗಳನ್ನು ಇಡುತ್ತಿರಲಿಲ್ಲ. ಒಳಕೋಣೆಗಳಿಗೆ ಬೆಳಕೂ ಗಾಳಿಯೂ ಬರುವುದು ಅಂಗಳದಿಂದ ಮಾತ್ರ. ಬೀದರದಲ್ಲಿ ಮಹಮೂದ ಗವಾನನು 1472ರಲ್ಲಿ ಕಟ್ಟಿಸಿದ ಮದರಸದಲ್ಲಿಯೂ ಕೋಣೆಗಳು ನಡುವಣ ತೆರೆದ ಅಂಗಳದ ಸುತ್ತಲೇ ಇರುವುವು. ಅಂಗಳವು ಮನೆಯ ಮೂಗು ಇದ್ದಂತೆ. ಅದನ್ನು ಮುಚ್ಚಿದರೆ ಮನೆಗೆ ಉಸಿರಾಟವಿಲ್ಲ. ಆದುದರಿಂದ ಅಂಗಳವನ್ನು ತೆರೆದಿಟ್ಟು, ಪಡಸಾಲೆಯನ್ನು ಮಾತ್ರ ಮುಚ್ಚುವುದು ಲೇಸು. ಅಂಗಳಕ್ಕೆ ತಗಡು ಹಾಕಲೇಬೇಕಾದಲ್ಲಿ ಅದನ್ನು ಸುತ್ತಣ ಮಾಳಿಗೆಗಿಂತ ಎರಡು ಅಡಿಯಾದರೂ ಎತ್ತರಿಸಿ, ನಾಲ್ಕು ಕಡೆಯೂ ಗಾಳಿಯಾಡಲು ಬಿಡಬೇಕು. ತಗಡನ್ನು ಕೊಕ್ಕೆಮೊಳೆಗಳಿಂದ ಬಿಗಿಯಬೇಕೇ ಹೊರತು ಮೇಲೆ ಕಲ್ಲು ಹೇರಬಾರದು. ವೈಶಾಖದ ಬಿರುಗಾಳಿಗೆ ತಗಡು ಎದ್ದರೆ ಆ ಕಲ್ಲುಗಳು ಅಂಗಳದಲ್ಲಿರುವವರ ತಲೆಯ ಮೇಲೆಯೇ ಬೀಳುವುವು.

2. ಮಾಳಿಗೆಯ ಭಾರ ಮತ್ತು ಕಂಬಗಳು

1993ನೆಯ ಇಸವಿ ಸೆಪ್ಟೆಂಬರ 30ರ ಬೆಳಗಿನ ಜಾವ, ನಾಲ್ಕು ಗಂಟೆಗೆ ಸ್ವಲ್ಪ ಮೊದಲು, ನೆರೆಯ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತಮುತ್ತ ಆದ ಭೂಕಂಪವನ್ನು ಈ ಸೀಮೆಯ ಹಿರಿಯರು ಮರೆತಿಲ್ಲ. ಸುಮಾರು 10,000 ಜನರು ಮಡಿದರು. ಮಲಗಿದ್ದವರನ್ನು ಕೊಂದದ್ದು ನೆಲದ ನಡುಕವಲ್ಲ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆಗಳು ಮತ್ತು ಮಾಳಿಗೆಯ ಮೇಲಿನ ಮಣ್ಣಿನ ರಾಶಿ. ಭಾಲ್ಕಿ, ಔರಾದಗಳ ಹಳೆಯ ಮನೆಗಳೂ ಅದೇ ಬಗೆಯವು. ಆ ಸೀಮೆಯಲ್ಲಿ ಮಾಳಿಗೆಯ ಭಾರವನ್ನು ಗೋಡೆಯ ಮೇಲೆ ಹೊರಿಸದೆ, ಮರದ ಕಂಬ ತೊಲೆಗಳ ಮೇಲೆ ಹೊರಿಸಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಕಂಬಗಳ ಚೌಕಟ್ಟು ನಿಂತು ಜನರು ಉಳಿದರು. ಪಡಸಾಲೆಯನ್ನು ಮುಚ್ಚುವವರು ಇದರಿಂದ ಕಲಿಯತಕ್ಕ ಪಾಠಗಳು ಮೂರು.

ಮೊದಲನೆಯದು: ಸ್ಥಳ ಸಾಲದೆಂದು ಪಡಸಾಲೆಯ ಕಂಬವನ್ನು ತೆಗೆಯಬಾರದು. ಹುಳು ತಿಂದ ಕಂಬವನ್ನು, ತೊಲೆಗೆ ಆಸರೆ ಕೊಟ್ಟು, ಬದಲಾಯಿಸಬೇಕು. ಕಂಬಕ್ಕೂ ತೊಲೆಗೂ ಕಬ್ಬಿಣದ ಪಟ್ಟಿ ಹಾಕಿ ಬಿಗಿಯಬೇಕು. ಮೂಲೆಗಳಲ್ಲಿ ಓರೆಯಾಗಿ ಮರದ ಆಸರೆಗಳನ್ನು ಕೊಡಬೇಕು.

ಎರಡನೆಯದು: ಪ್ರತಿ ವರ್ಷವೂ ಮಿರಗಕ್ಕೆ ಮುಂಚೆ ಹಳೆಯ ಮಣ್ಣಿನ ಮೇಲೆಯೇ ಹೊಸ ಮಣ್ಣನ್ನು ಹಾಕುವ ರೂಢಿಯನ್ನು ಬಿಡಬೇಕು. ಒಂದು ಘನ ಅಡಿ ಮಣ್ಣು ಸುಮಾರು 45 ಕಿಲೋ ತೂಗುವುದು. 24 ಅಡಿ ಉದ್ದ, 9 ಅಡಿ ಅಗಲದ ಪಡಸಾಲೆಯ ಮೇಲೆ ಒಂದು ಅಡಿ ಮಣ್ಣಿದ್ದರೆ, ಕೆಳಗಿರುವವರ ತಲೆಯ ಮೇಲೆ ಸುಮಾರು 10 ಟನ್ನು ಭಾರವಿರುವುದೆಂದಾಯಿತು. ಮಳೆಯಲ್ಲಿ ನೆನೆದಾಗ ಅದು ಇನ್ನೂ ಹೆಚ್ಚುವುದು. ಹಳೆಯ ಮಣ್ಣನ್ನು ಕೆರೆದು ತೆಗೆದು, ನೀರಿಳಿಯದಂತೆ ತೆಳುವಾಗಿ ಹೊಸದನ್ನು ಬಡಿಯುವುದೇ ಸರಿ. ಅನುಕೂಲವುಳ್ಳವರು ಪಡಸಾಲೆಯ ಭಾಗಕ್ಕಾದರೂ ಮಣ್ಣನ್ನು ಪೂರ್ತಿ ತೆಗೆದು ಹಗುರವಾದ ತಗಡನ್ನು ಹಾಕಿಸಬಹುದು. ಆಗ ತಗಡಿನ ಕೆಳಗೆ 9 ಅಂಗುಲ ಬಿಟ್ಟು ಬಿದಿರಿನ ಚಾಪೆಯ ಒಳಛಾವಣಿಯನ್ನು ಕಟ್ಟಿ, ತಗಡಿನ ಮೇಲ್ಮೈಗೆ ಪ್ರತಿ ಬೇಸಗೆಯಲ್ಲಿಯೂ ಸುಣ್ಣ ಬಳಿದರೆ ಝಳವು ಬಹುಮಟ್ಟಿಗೆ ಇಳಿಯುವುದು.

ಮೂರನೆಯದು: ಕಂಬಗಳ ನಡುವೆ ಹೊಸದಾಗಿ ಹಾಕುವ ಗೋಡೆಯು ಕುಳ್ಳಾಗಿಯೂ ಹಗುರವಾಗಿಯೂ ಇರಬೇಕು. ಅದರ ಮೇಲೆ ಮಾಳಿಗೆಯ ಭಾರವನ್ನು ಹೊರಿಸಬಾರದು.

3. ಗೋಡೆ ಮತ್ತು ಅಸ್ತಿಭಾರ

ಬೀದರ ನಗರವು ಜಂಬಿಟ್ಟಿಗೆಯ ದಿಣ್ಣೆಯ ಮೇಲಿರುವುದು. ಈ ಕಲ್ಲು ನೆಲದೊಳಗಿರುವಾಗ ಮೆತ್ತಗಿದ್ದು, ಗಾಳಿ ತಾಕಿದ ಮೇಲೆ ಗಟ್ಟಿಯಾಗುವುದು; ಆದರೆ ರಂಧ್ರಗಳು ಬಹಳವಾದ್ದರಿಂದ ಎರಚಲು ಬೀಳುವ ಕಡೆ ಹೊರಮೈಗೆ ಗಾರೆಯ ಗಿಲಾವು ಅವಶ್ಯ. ಭಾಲ್ಕಿ, ಔರಾದಗಳಲ್ಲಿ ಬಹುಪಾಲು ಎರೆಭೂಮಿ. ಎರೆಯು ಮಳೆಯಲ್ಲಿ ಉಬ್ಬಿ, ಬೇಸಗೆಯಲ್ಲಿ ಬಾಯ್ಬಿಡುವುದನ್ನು ಹೊಲದಲ್ಲಿ ಕಾಣದ ರೈತನಿಲ್ಲ. ಅದೇ ಎರೆಯು ಗೋಡೆಯ ಕೆಳಗೂ ಉಬ್ಬಿ ಕುಗ್ಗುವುದೆಂಬುದನ್ನು ಮಾತ್ರ ಮರೆಯುವರು. ಆದುದರಿಂದ ಅಲ್ಲಿ ಗರಸು ಸಿಕ್ಕುವವರೆಗೆ ಅಗೆಯಬೇಕು. ಗರಸು ತೀರ ಆಳದಲ್ಲಿದ್ದರೆ 3 ಅಡಿಗೆ ಕಡಿಮೆಯಿಲ್ಲದಂತೆ ಅಗೆದು, ತಳದಲ್ಲಿ ಗರಸನ್ನು ತುಂಬಿ ಚೆನ್ನಾಗಿ ಬಡಿದು ಕಟ್ಟಬೇಕು. ಹೊಸ ಗೋಡೆಯು ಹಳೆಯ ಕಲ್ಲುಗೋಡೆಯನ್ನು ಕೂಡುವಲ್ಲಿ ಅರ್ಧ ಅಂಗುಲ ಸಂದು ಬಿಡುವುದು ಒಳ್ಳೆಯದು. ಎರಡೂ ಒಂದೇ ಸಮನೆ ಇಳಿಯುವುದಿಲ್ಲವಾಗಿ, ಸೇರಿಸಿ ಕಟ್ಟಿದರೆ ಬಿರುಕು ಬಿಡುವುದು ನಿಶ್ಚಯ.

ಕಂಬದಿಂದ ಕಂಬಕ್ಕೆ 9 ಅಂಗುಲ ದಪ್ಪದ ಇಟ್ಟಿಗೆಯ ಮೋಟುಗೋಡೆಯನ್ನು 3 ಅಡಿ ಎತ್ತರಕ್ಕೆ ಕಟ್ಟಿದರೆ ಸಾಕು. ಪಕ್ಕದ ಕಲ್ಲುಗೋಡೆಯನ್ನು ಕೆಡವಿ ಕಟ್ಟಬೇಕಾಗಿ ಬಂದರೆ, ಒಳಮುಖದಿಂದ ಹೊರಮುಖದವರೆಗೆ ಹಾಯುವ ಉದ್ದಗಲ್ಲುಗಳನ್ನು ಎತ್ತರದಲ್ಲಿ ಎರಡೆರಡು ಅಡಿಗೂ, ಉದ್ದದಲ್ಲಿ ನಾಲ್ಕು ನಾಲ್ಕು ಅಡಿಗೂ ಒಂದರಂತೆ ಇಡಿಸಬೇಕು. ಎರಡು ಮುಖ ಕಟ್ಟಿ ನಡುವೆ ಪುಡಿಗಲ್ಲನ್ನೂ ಮಣ್ಣನ್ನೂ ತುಂಬುವ ಪದ್ಧತಿಯಿಂದಲೇ ಕಿಲ್ಲಾರಿಯ ಗೋಡೆಗಳು ಸೀಳಿಬಿದ್ದವು.

4. ದಿಕ್ಕು, ಬಿಸಿಲು ಮತ್ತು ಗಾಳಿ

ಪಡಸಾಲೆಯು ದಕ್ಷಿಣಕ್ಕೆ ತೆರೆದಿದ್ದರೆ ಅದೇ ಉತ್ತಮ. ಈ ಸೀಮೆಯಲ್ಲಿ ಡಿಸೆಂಬರ ತಿಂಗಳ ಕೊನೆಯ ಭಾಗದಲ್ಲಿ ನಡುಹಗಲ ಸೂರ್ಯನು ದಕ್ಷಿಣದಲ್ಲಿ ಸುಮಾರು 48 ಅಂಶ ಎತ್ತರದಲ್ಲಿಯೂ, ಮಾರ್ಚ್ ಮತ್ತು ಸೆಪ್ಟೆಂಬರಗಳಲ್ಲಿ ಹಗಲು ರಾತ್ರಿಗಳು ಸಮನಾಗುವ ದಿನಗಳಲ್ಲಿ ಸುಮಾರು 72 ಅಂಶ ಎತ್ತರದಲ್ಲಿಯೂ ಇರುವನು. ಸೂರಿನ ಅಂಚು ನೆಲದಿಂದ 8 ಅಡಿ ಎತ್ತರದಲ್ಲಿದ್ದು, ಗೋಡೆಯಿಂದ 2 ಅಡಿ ಮುಂದೆ ಚಾಚಿದ್ದರೆ, ಚಳಿಗಾಲದ ನಡುಹಗಲಲ್ಲಿ ಬಿಸಿಲು ಮೋಟುಗೋಡೆಯ ಮೇಲಿಂದ ನುಗ್ಗಿ 5 ಅಡಿ ಒಳಗಿನವರೆಗೂ ನೆಲದ ಮೇಲೆ ಬೀಳುವುದು. ಮಾರ್ಚ್ ಮಧ್ಯದಿಂದ ಸೆಪ್ಟೆಂಬರ ಕೊನೆಯವರೆಗೆ ನಡುಹಗಲ ಬಿಸಿಲು ಒಳಗೆ ಬಾರದು. ಯಾವ ವೆಚ್ಚವೂ ಇಲ್ಲದೆ ಸೂರೊಂದೇ ಎರಡು ಕಾಲಗಳ ಕೆಲಸವನ್ನೂ ಮಾಡುವುದು.

ಪಶ್ಚಿಮದ ಬಿಸಿಲು ಹಾಗಲ್ಲ. ಸಂಜೆಯ ಸೂರ್ಯನು ಬಹಳ ಕೆಳಗಿರುವುದರಿಂದ ಸೂರು ಎಷ್ಟು ಚಾಚಿದರೂ ಪ್ರಯೋಜನವಿಲ್ಲ. ಮಳೆಯ ಗಾಳಿಯೂ ಆ ಕಡೆಯಿಂದಲೇ ಬರುವುದು. ಆ ಪಕ್ಕವನ್ನು ಬಹುಪಾಲು ಮುಚ್ಚಿ, ಹೊರಗೆ ತೊಗರಿಕಟ್ಟಿಗೆಯ ತಟ್ಟಿಯನ್ನು ಒಂದು ಅಡಿ ದೂರದಲ್ಲಿ ನಿಲ್ಲಿಸಬೇಕು. ಬೇವಿನ ಗಿಡವು ಅದಕ್ಕಿಂತಲೂ ಮೇಲು. ಆದರೆ ಎರೆಭೂಮಿಯಲ್ಲಿ ಗಿಡದ ಬೇರು ತೇವವನ್ನು ಹೀರಿ ನೆಲವನ್ನು ಕುಗ್ಗಿಸುವುದರಿಂದ ಅದನ್ನು ಗೋಡೆಯಿಂದ 20 ಅಡಿಗೆ ಹತ್ತಿರ ನೆಡಬಾರದು.

ಮೋಟುಗೋಡೆಯ ಮೇಲೆ, ಪೂರ್ತಿ ಮಡಿಚಿ ತೆರೆಯಬಹುದಾದ ಮರದ ಕದಗಳನ್ನು ಇಡಿಸಬೇಕು. ನೆಲದ ವಿಸ್ತೀರ್ಣದ ಆರನೆಯ ಒಂದು ಭಾಗದಷ್ಟಾದರೂ ಕಿಟಕಿಗಳಿರಬೇಕೆಂಬುದು ಲೆಕ್ಕ. ಮೂರು ಅಂಕಣದ, 216 ಚದರ ಅಡಿಯ ಪಡಸಾಲೆಗೆ 36 ಚದರ ಅಡಿ ಬೇಕಾಗುವುದು. ನಡುವಣ ಅಂಕಣದಲ್ಲಿ ಬಾಗಿಲನ್ನಿಟ್ಟು, ಎರಡು ಪಕ್ಕದ ಅಂಕಣಗಳಲ್ಲಿ 5 ಅಡಿ ಅಗಲ, 4 ಅಡಿ ಎತ್ತರದ ಒಂದೊಂದು ಕಿಟಕಿಯನ್ನಿಟ್ಟರೆ 40 ಚದರ ಅಡಿಯಾಗಿ ಲೆಕ್ಕವು ತುಂಬುವುದು. ಕಿಟಕಿಗಳ ಮೇಲೆ, ಸೂರಿನ ಕೆಳಗೆ, ಉದ್ದಕ್ಕೂ 9 ಅಂಗುಲದ ಜಾಲಂಧ್ರವನ್ನು ಸೊಳ್ಳೆಪರದೆಯ ತಂತಿ ಹೊಡೆದು ಬಿಡಬೇಕು. ಇದನ್ನು ಯಾವ ಕಾಲದಲ್ಲಿಯೂ ಮುಚ್ಚಬಾರದು. ಏಕೆಂಬುದು ಮುಂದೆ ತಿಳಿಯುವುದು.

5. ನೆಲ ಮತ್ತು ನೀರು

ಪಡಸಾಲೆಯ ನೆಲವು ಅಂಗಳಕ್ಕಿಂತ ಒಂದೂವರೆ ಅಡಿ ಎತ್ತರವಿದ್ದರೆ ಒಳ್ಳೆಯದು. ಗರಸನ್ನು ಬಡಿದು, ಅದರ ಮೇಲೆ ಶಹಾಬಾದದ ಫರಸಿಯನ್ನು ಹಾಸಿ, ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಡಬೇಕು. ಮಾಳಿಗೆಯ ದೋಣಿಯ ನೀರು ಗೋಡೆಯ ಬುಡದಲ್ಲಿ ಬೀಳದಂತೆ ದೂರಕ್ಕೆ ಹಾಯಿಸಬೇಕು. ಗೋಡೆಯ ಹೊರಗೆ 3 ಅಡಿ ಅಗಲಕ್ಕೆ ಫರಸಿಯನ್ನು ಹೊರಕ್ಕೆ ಇಳಿಜಾರಾಗಿ ಹಾಸಿದರೆ ಅಸ್ತಿಭಾರದ ಎರೆಯು ನೆನೆಯದೆ ಉಳಿಯುವುದು.

6. ಬೀಜ ಮತ್ತು ಕಾಳು

ಹೀಗೆ ಮುಚ್ಚಿದ ಪಡಸಾಲೆಯಲ್ಲಿ ಒಂದು ಅಂಕಣವನ್ನು ಬೀಜಕ್ಕೆ ಮೀಸಲಿಡಬಹುದು. ಸೋಯಾ ಅವರೆಯ ಬೀಜವು ಸೆಕೆಗೂ ತೇವಕ್ಕೂ ಬಹುಬೇಗ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುವುದರಿಂದ ಅದಕ್ಕೆ ನೆರಳಿನ, ಗಾಳಿಯಾಡುವ ಸ್ಥಳವು ಮುಖ್ಯ. ಚೆನ್ನಾಗಿ ಒಣಗಿಸಿದ ಚೀಲಗಳನ್ನು ನೆಲದಿಂದ 6 ಅಂಗುಲ ಎತ್ತರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಅಡಿ ಬಿಟ್ಟು ಇಡಬೇಕು. ಬೇಸಗೆಯಲ್ಲಿ ಲಾವಂಚದ ತಟ್ಟಿಗೆ ನೀರು ಚಿಮುಕಿಸಿದರೆ ಒಣಗಾಳಿಯು ತಂಪಾಗಿ ಬರುವುದು. ಆದರೆ ಆ ತಂಪು ತೇವದ ತಂಪಾದ್ದರಿಂದ ಬೀಜದ ಅಂಕಣಕ್ಕೆ ಅದನ್ನು ಕಟ್ಟಬಾರದು.

7. ಮುಖ್ಯ ಎಚ್ಚರಿಕೆಗಳು

ತೆರೆದ ಪಡಸಾಲೆಯಲ್ಲಿ ನಡೆದುಹೋಗುತ್ತಿದ್ದ ಎರಡು ಅಭ್ಯಾಸಗಳು ಮುಚ್ಚಿದ ಪಡಸಾಲೆಯಲ್ಲಿ ಪ್ರಾಣಾಂತಕವಾಗುವುವು.

(ಅ) ಚಳಿಗೆ ಇದ್ದಿಲಿನ ಶಗಡಿಯನ್ನು ಇಟ್ಟುಕೊಂಡು ಕದ ಹಾಕಿ ಮಲಗಬಾರದು. ಇದ್ದಿಲು ಉರಿಯುವಾಗ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಷಾನಿಲವು ಹುಟ್ಟುವುದು. ಹೊಗೆ ಕಾಣದ್ದರಿಂದ ಮಲಗಿದವನಿಗೆ ಎಚ್ಚರವೇ ಆಗದು. ಮಲಗುವ ಮುನ್ನ ಶಗಡಿಯನ್ನು ಅಂಗಳಕ್ಕೆ ಇಡತಕ್ಕುದು. ಜಾಲಂಧ್ರವು ಗಾಳಿಯಾಡಲು ಸಹಾಯಕವೇ ಹೊರತು, ಅದಿದೆಯೆಂದು ಶಗಡಿಯನ್ನು ಒಳಗಿಡಬಹುದೆಂದಲ್ಲ.

(ಆ) ಕಾಳಿಗೆ ಹುಳು ಬೀಳದಿರಲೆಂದು ಚೀಲಗಳ ನಡುವೆ ಇಡುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಯು ಗಾಳಿಯ ತೇವ ತಾಕಿದೊಡನೆ ಘೋರ ವಿಷಾನಿಲವನ್ನು ಬಿಡುವುದು. ಆ ಅನಿಲವು ಗೋಡೆಯ ಬಿರುಕು, ಕದದ ಸಂದುಗಳಿಂದ ಪಕ್ಕದ ಕೋಣೆಗೂ ನುಸುಳುವುದು. ಮನುಷ್ಯರಾಗಲಿ ದನಕರುಗಳಾಗಲಿ ಇರುವ ಮನೆಯಲ್ಲಿ ಇದನ್ನು ಎಂದಿಗೂ ಬಳಸಕೂಡದು. ಪರಿಣತರ ಮೇಲ್ವಿಚಾರಣೆಯಲ್ಲಿ, ಪ್ರತ್ಯೇಕ ಉಗ್ರಾಣದಲ್ಲಿ ಮಾತ್ರ ಇದರ ಉಪಯೋಗವಾಗಬೇಕು. ಮನೆಯ ಕಾಳಿಗೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸುವುದು ಮೊದಲ ಉಪಾಯ. ಊಟದ ಬೇಳೆಕಾಳಿಗೆ ಕಿಲೋ ಒಂದಕ್ಕೆ 5 ಮಿಲಿಲೀಟರ ಅಡಿಗೆ ಎಣ್ಣೆಯನ್ನು ಸವರುವುದೂ ಗುಣಕಾರಿ. ಹೊಲಕ್ಕೆ ಸಿಂಪಡಿಸುವ ಔಷಧಗಳನ್ನೂ ಪಡಸಾಲೆಯಲ್ಲಿ ಇಡಬಾರದು.

ಈ ಕೆಲಸಕ್ಕೆ ತಕ್ಕ ಕಾಲವು ಸಂಕ್ರಾಂತಿಯಿಂದ ಯುಗಾದಿಯವರೆಗೆ. ಆಗ ಸುಗ್ಗಿಯ ಕೈ ಬಿಡುವಾಗುತ್ತ ಬರುವುದು, ಎರೆಯು ಒಣಗಿರುವುದು, ಮಿರಗದ ಮಳೆಗೆ ಮೊದಲು ಗಿಲಾವು ಗಟ್ಟಿಯಾಗುವುದು. ಊರಿನ ಮುಖಂಡರೂ ಜಮೀನುದಾರರೂ ಮೊದಲು ತಮ್ಮ ಮನೆಯ ಮಾಳಿಗೆಯನ್ನು ಹತ್ತಿ, ಮೇಲೆ ಎಷ್ಟು ಮಣ್ಣಿದೆಯೆಂದು ಒಂದು ಕಡೆ ಅಗೆದು ಅಳೆದು ನೋಡಲಿ. ಬಳಿಕ ಕಂಬಗಳ ಬುಡವನ್ನು ಕುಟ್ಟಿ ನೋಡಲಿ. ಮುಖಂಡರ ಮನೆಯಲ್ಲಿ ಭಾರ ಇಳಿದುದನ್ನೂ, ಪಡಸಾಲೆಯು ಮಳೆಗಾಲ ಚಳಿಗಾಲಗಳಲ್ಲಿಯೂ ಒದಗುವುದನ್ನೂ ಕಂಡರೆ ಊರಿನ ಉಳಿದವರು ಹೇಳಿಸಿಕೊಳ್ಳದೆಯೇ ಅನುಸರಿಸುವರು. ಕದವನ್ನೂ ಕಿಟಕಿಯನ್ನೂ ಮುಂದಿನ ವರ್ಷ ಮಾಡಿಸಿದರೂ ಆದೀತು. ತಲೆಯ ಮೇಲಿನ ಮಣ್ಣನ್ನು ಇಳಿಸುವ ಕೆಲಸವು ಈ ವರ್ಷವೇ ಆಗಬೇಕು.